ಒಲೆಯ ಎರಡನೇ ಬಾಯಿ

ಅವತ್ತು ಬೆಳಿಗ್ಗೆಯೂ ಎಂದಿನ ಹಾಗೆ ಐದೂವರೆಗೆ ಎದ್ದೆ. ಬಾಗಿಲಿಗೆ ನೀರು ಹಾಕಿ ಚಿಕ್ಕದೊಂದು ರಂಗೋಲಿ ಎಳೆದೆ, ದೊಡ್ಡದಕ್ಕೆ ಪುರುಸೊತ್ತಿರಲಿಲ್ಲ. ಬಚ್ಚಲ ಹಂಡೆಯ ಕೆಳಗೆ ಎರಡು ತೆಂಗಿನ ಮಟ್ಟೆ ತುರುಕಿದೆ. ಅಡುಗೆಮನೆಗೆ ಬಂದು ಒಲೆ ಹೊತ್ತಿಸಿ, ಮೊದಲನೇ ಬಾಯಿಯ ಮೇಲೆ ಡಿಕಾಕ್ಷನ್ನಿಗೆ ನೀರಿಟ್ಟೆ. ಎರಡನೇ ಬಾಯಿಯ ಮೇಲೆ, ಯಾಕೆ ಏನು ಅಂತ ಯೋಚಿಸದೆ, ಗೂಡಿನಲ್ಲಿ ಕೈಗೆ ಸಿಕ್ಕಿದ ಹಿತ್ತಾಳೆ ತಪ್ಪಲೆಯಲ್ಲಿ ನೀರು ತುಂಬಿ ಇಟ್ಟೆ. ಈ ಕೊನೆಯ ಕೆಲಸವನ್ನು ನೀವು ದಯವಿಟ್ಟು ನೆನಪಿಟ್ಟುಕೊಳ್ಳಬೇಕು. ನಾನು ನೆನಪಿಟ್ಟುಕೊಂಡಿರಲಿಲ್ಲ, ಅದರಿಂದಲೇ ಇಷ್ಟೆಲ್ಲ ಆಯಿತು.

ನಮ್ಮದು ಹೊಗೆಯಿಲ್ಲದ ಒಲೆ. ಆಗ, ಎಂಬತ್ತರ ದಶಕದ ನಡುವಿನಲ್ಲಿ, ಅಜ್ಜಂಪುರದಲ್ಲಿ ಅಂಥದ್ದು ಇನ್ನೂ ನಾಲ್ಕೈದು ಮನೆಯಲ್ಲಷ್ಟೇ ಇತ್ತು. ಮಣ್ಣಿನ ಕಟ್ಟೆ, ಅದಕ್ಕೆ ಸೌದೆ ಇಡುವ ಬಾಯಿ ಒಂದು, ಮೇಲೆ ಪಾತ್ರೆ ಕೂರುವ ಬಾಯಿ ಎರಡು, ಹಿಂದೆ ಸೂರು ತೂರಿ ಹೋಗುವ ಸಿಮೆಂಟಿನ ಕೊಳವೆ. ಅರ್ಧ ಸೌದೆಯಲ್ಲಿ ಅಡುಗೆ ಆಗುತ್ತದೆ, ಹೊಗೆಯೆಲ್ಲ ಕೊಳವೆಯಲ್ಲಿ ಹೋಗುತ್ತದೆ ಎಂದು ಸರ್ಕಾರ ಹೇಳಿತ್ತು. ಸರ್ಕಾರ ಹೇಳಿದ್ದು ನಿಜವಾಗಿದ್ದು ನೋಡಿ ನಮ್ಮತ್ತೆಗೆ ಒಂದು ವಾರ ಆ ಒಲೆಯ ಮೇಲೆ ನಂಬಿಕೆ ಬರಲಿಲ್ಲ.

ಅವತ್ತು ಹನ್ನೊಂದು ಗಂಟೆಗೆ ಜಿಲ್ಲೆಯಿಂದ ಸಾಹೇಬರೊಬ್ಬರು ಜೀಪಿನಲ್ಲಿ ಒಲೆ ನೋಡಲು ಬರುವವರಿದ್ದರು. ನಮ್ಮ ಮನೆಯದ್ದಲ್ಲ, ಊರಾಚೆ ಬುಕ್ಕಾಂಬುಧಿ ರಸ್ತೆಯಲ್ಲಿರುವ ಇಟ್ಟಿಗೆ ಗೂಡಿನವರ ಸಾಲುಮನೆಯದ್ದು. ಆ ಒಲೆಗಳಿಗೆ ನಾನು, ಹೇಗೆ ಹೇಳಲಿ, ಒಂದು ಥರದ ದುಭಾಷಿಯಾಗಿದ್ದೆ. ನಾನು ಬೆಳಿಗ್ಗೆಯಿಂದ ನಾಲ್ಕನೇ ಸಲ ನನ್ನ ಕಾಗದಗಳನ್ನು ಓದುತ್ತಿದ್ದುದನ್ನು ಕಂಡು, ಹೈಸ್ಕೂಲಿಗೆ ಹೊರಡಲು ತಯಾರಾಗಿ ನಿಂತಿದ್ದ ನಮ್ಮ ಯಜಮಾನರು, “ಇವತ್ತು ನನಗೆ ಯಾವ ಭಾಷೇಲಿ ಕೇಳಿದ್ರೆ ಕಾಫಿ ಸಿಗುತ್ತೆ?” ಎಂದರು. ನಾಲ್ಕು ಓದುಗಳ ನಡುವೆ ಡಿಕಾಕ್ಷನ್ ಪೂರ್ತಿ ಇಳಿದು ತಣ್ಣಗಾಗಿತ್ತು.

ನನ್ನ ಬಗ್ಗೆ ಎರಡು ಮಾತು ಹೇಳಿಬಿಡುತ್ತೇನೆ. ಒಂದು, ನನ್ನ ಕಣ್ಣು ಚಿಕ್ಕ ಚಿಕ್ಕ ವಿಷಯಗಳ ಮೇಲೆಯೇ ಬೀಳುತ್ತದೆ. ಹಾಲಿನವನ ಅಂಗಿಯಲ್ಲಿ ಕೆಳಗಿನಿಂದ ಎರಡನೇ ಗುಂಡಿ ಮಾತ್ರ ಬೇರೆ ಬಣ್ಣದ್ದು ಎಂಬುದು ಅವನ ಹೆಂಡತಿಗೆ ಗೊತ್ತಿಲ್ಲದಿರಬಹುದು, ನನಗೆ ಗೊತ್ತು. ಕಾನ್ವೆಂಟಿನಲ್ಲಿ ಹೊಲಿಗೆ ಕಲಿಸುತ್ತಿದ್ದ ಸಿಸ್ಟರು ಒಂದು ಹೆಜ್ಜೆ ಹೊಲಿಗೆ ಓರೆಯಾದರೂ ಪೂರಾ ಬಿಚ್ಚಿಸುತ್ತಿದ್ದರು. ಆ ಕಣ್ಣು ಹಾಗೇ ಉಳಿದುಬಿಟ್ಟಿದೆ. ಎರಡನೆಯದು, ನನ್ನ ದನಿ ಬಹಳ ಮೆದು. ಹಪ್ಪಳ ಒಣಗಿಸುವಾಗ ನಾನು ‘ಹುಶ್’ ಎಂದರೆ ಕಾಗೆ ಹಾರಿ ಹೋಗುವುದಿರಲಿ, ಏನಂದಿರಿ ಎಂಬಂತೆ ಒಂದು ಹೆಜ್ಜೆ ಹತ್ತಿರ ಬರುತ್ತದೆ. ಇವೆರಡು ಗುಣಗಳ ಬಗ್ಗೆ ನನಗೆ ಒಳಗೊಳಗೇ ಹೆಮ್ಮೆಯಿತ್ತು. ಅವತ್ತು ಬೆಳಿಗ್ಗೆವರೆಗೂ ಇತ್ತು.

ಈ ದುಭಾಷಿ ಕೆಲಸ ನನ್ನ ಹೆಗಲಿಗೆ ಬಂದದ್ದು ಹೀಗೆ. ನಾಗರತ್ನ ಎಂಬ ಗ್ರಾಮಸೇವಿಕೆ ತರೀಕೆರೆಯಿಂದ ವಾರಕ್ಕೆರಡು ದಿನ ಬಸ್ಸಿನಲ್ಲಿ ಬರುತ್ತಿದ್ದಳು. ನಮ್ಮ ಮನೆಯ ಒಲೆ ಹಾಕಿಸಿಕೊಟ್ಟವಳೂ ಅವಳೇ. ಒಂದು ದಿನ ಬಂದು ಚೀಲವನ್ನು ಜಗಲಿಯ ಮೇಲೆ ಬಿಸಾಡಿ ಕೂತಳು. ಇಟ್ಟಿಗೆ ಗೂಡಿನ ಹತ್ತು ಮನೆಗೂ ಒಲೆ ಕೊಡಲು ಅವಕಾಶವಿದೆ, ಗೂಡಿನ ಮಾಲೀಕರು ಒಪ್ಪಿ ಸಹಿಯನ್ನೂ ಹಾಕಿದ್ದಾರೆ, ಆದರೆ ಅಲ್ಲಿಯವರು ಮಾತ್ರ ಹೆಸರು ಬರೆಸುತ್ತಿಲ್ಲ. “ನಾನ್ ಪುಸ್ತಕ ತೆಗೆದ ತಕ್ಷಣ ಹೆಂಗಸರೆಲ್ಲ ಒಳಗೋಗಿ ಬಾಗ್ಲಾಕ್ಕೊಂಡ್ಬಿಡ್ತಾರೆ ಕಣ್ರೀ ಪದ್ಮಮ್ಮ. ನಾನೇನು ಸೂಜಿ ಚುಚ್ಚೋಕ್ ಬಂದಿದ್ದೀನಾ?” ಎಂದಳು. ಅವಳು ತೋರಿಸಿದ ತಿಳಿವಳಿಕೆ ಪತ್ರ ಕನ್ನಡದಲ್ಲಿತ್ತು. ಅದೂ ಎಂಥ ಕನ್ನಡ! ‘ಫಲಾನುಭವಿಯು ದಹನಕೋಷ್ಠದ ರಚನೆಯನ್ನು ವ್ಯತ್ಯಾಸಗೊಳಿಸತಕ್ಕದ್ದಲ್ಲ.’ ಕಡೂರಿನಲ್ಲಿ ಹುಟ್ಟಿದ ನನಗೇ ಅದು ಎರಡು ಸಲ ಓದಿದ ಮೇಲೆ ಕನ್ನಡವಾಯಿತು.

ಗೂಡಿನವರಲ್ಲಿ ಎಂಟು ಮನೆ ತಮಿಳಿನವರು, ಎರಡು ಮನೆ ತೆಲುಗಿನವರು. ಮಳೆಗಾಲ ಕಳೆದ ಮೇಲೆ ರೈಲಿನಲ್ಲಿ ಬಂದು ಇಳಿದು, ಕೆರೆಯ ಗೋಡುಮಣ್ಣು ತುಳಿದು, ಇಟ್ಟಿಗೆ ಕೊಯ್ದು, ಸುಟ್ಟು, ಮುಂಗಾರಿಗೆ ಮುಂಚೆ ಹೊರಟುಬಿಡುವವರು. ಹೆಸರು ಬರೆದುಕೊಳ್ಳುವವರು ಬಂದರೆ ಯಾವುದಾದರೂ ತೊಂದರೆಯೇ ಬಂತೆಂದು ಅವರ ಲೆಕ್ಕ. ಅದರಲ್ಲಿ ತಪ್ಪೇನೂ ಇಲ್ಲ. ಇಲ್ಲಿ ಹುಟ್ಟಿ ಬೆಳೆದ ನಾವೂ ಅಮಲ್ದಾರರ ಕಚೇರಿಯಿಂದ ಯಾರಾದರೂ ಬಂದರೆ ಮೊದಲು ಯಜಮಾನರು ಮನೆಯಲ್ಲಿಲ್ಲ ಎನ್ನುತ್ತೇವೆ, ಆಮೇಲೆ ಏನು ವಿಷಯ ಎಂದು ಕೇಳುತ್ತೇವೆ.

“ನಿಮಗೆ ತಮಿಳು ಬರುತ್ತಲ್ಲಾ” ಎಂದಳು ನಾಗರತ್ನ.

ಬರುತ್ತದೆ. ಹೇಗೆ ಬಂತು ಎನ್ನುವುದನ್ನೂ ಹೇಳಬೇಕು. ಕಾನ್ವೆಂಟಿನ ಹಾಸ್ಟೆಲ್ಲಿನಲ್ಲಿ ತಟ್ಟೆಯಲ್ಲಿ ಅನ್ನ ಬಿಟ್ಟವರಿಗೆ ಅಡುಗೆಮನೆಯಲ್ಲಿ ಅರ್ಧ ಗಂಟೆ ತಟ್ಟೆ ಒರೆಸುವ ಶಿಕ್ಷೆ. ನಾನು ದಿನಾ ಬಿಡುತ್ತಿದ್ದೆ. ಅಡುಗೆಮನೆಯನ್ನು ನೋಡಿಕೊಳ್ಳುತ್ತಿದ್ದ ಸಿಸ್ಟರು ತಮಿಳಿನವರು, ದಪ್ಪ ಕನ್ನಡಕ, ದೊಡ್ಡ ಮನಸ್ಸು, ಬಹಳ ಅವಸರ. ಹೀಗೆ ಐದು ವರ್ಷದಲ್ಲಿ ನನ್ನ ಇಂಗ್ಲಿಷು ತರಗತಿಯಲ್ಲೂ ನನ್ನ ತಮಿಳು ಅಡುಗೆಮನೆಯಲ್ಲೂ ತಯಾರಾದವು. ‘ಉಕ್ಕಾರು’ ಎಂದರೆ ಕೂತ್ಕೋ. ‘ಸೀಕ್ಕಿರಂ ವಾ’ ಎಂದರೆ ಬೇಗ ಬಾ. ‘ಪೇಸಾದೆ’ ಎಂದರೆ ಮಾತಾಡಬೇಡ. ಎಲ್ಲಕ್ಕಿಂತ ಹೆಚ್ಚು ಕೇಳಿದ್ದು ‘ತೊಡಾದೆ’ ಎಂಬುದು. ಮುಟ್ಟಬೇಡ. ಆ ಸಿಸ್ಟರು ಹುಡುಗಿಯರನ್ನು ಏನನ್ನಾದರೂ ಕೇಳಿದ್ದು ನನಗೆ ನೆನಪಿಲ್ಲ. ಅವರಿಗೆ ಎಲ್ಲ ಗೊತ್ತಿರುತ್ತಿತ್ತು.

ಈ ಬಂಡವಾಳ ಕಟ್ಟಿಕೊಂಡು ಗೂಡಿಗೆ ಹೋದೆ. ತೆಲುಗಿನ ಎರಡು ಮನೆಗಾಗಿ ಪಕ್ಕದ ಮನೆಯ ಗಿರಿಜಕ್ಕನನ್ನು ಕರೆದುಕೊಂಡೆ. ಅವರ ಯಜಮಾನರದ್ದು ಕಾಳಿನ ಮಂಡಿ; ಅವರ ತವರು ಆಂಧ್ರದ ಗಡಿಯಲ್ಲಿ. ಹಣೆಯ ತುಂಬ ವಿಭೂತಿ, ಬಾಯಿ ತುಂಬ ಎಲೆ ಅಡಿಕೆ, ಯಾರಿಗೂ ಹೆದರದ ನಾಲಿಗೆ. “ನಡಿಯೇ, ನನಗೂ ತೆಲುಗು ಮಾತಾಡಿ ವರ್ಷ ಆಯ್ತು, ತುಕ್ಕು ಹಿಡಿದೈತೆ” ಎಂದು ಸೆರಗು ಸಿಕ್ಕಿಸಿ ಹೊರಟುಬಿಟ್ಟರು.

ನಾನು ಎರಡು ರಾತ್ರಿ ನಿದ್ದೆಗೆಟ್ಟು ಆ ತಿಳಿವಳಿಕೆ ಪತ್ರವನ್ನು ಪೂರ್ತಿ ತಮಿಳು ಮಾಡಿದ್ದೆ, ಕನ್ನಡ ಅಕ್ಷರದಲ್ಲಿ ಎರಡೂವರೆ ಪುಟ. ಅದನ್ನು ಎಂಟು ಮನೆಯವರ ಮುಂದೆ ನಿಂತು ಪ್ರಾರ್ಥನೆಯ ಹಾಗೆ ಓದಿದೆ. ಸೌದೆ ಸಣ್ಣಗೆ ಸೀಳು. ಒದ್ದೆ ಸೌದೆ ಹಾಕಬೇಡ. ಎರಡು ಬಾಯಿಗೂ ಪಾತ್ರೆ ಇಡು. ತಿಂಗಳಿಗೊಮ್ಮೆ ಕೊಳವೆಯ ಮಸಿ ಕೆಡವು. ಕೊನೆಗೆ, ಒಲೆಯ ಒಳಗಟ್ಟು ಬದಲಾಯಿಸಬಾರದೆಂಬ ಆ ದಹನಕೋಷ್ಠದ ವಾಕ್ಯ ಬಂತು. ಅದಕ್ಕೆ ತಮಿಳಿನಲ್ಲಿ ಏನೆನ್ನುತ್ತಾರೋ ದೇವರೇ ಬಲ್ಲ. ನನಗೆ ಚೆನ್ನಾಗಿ ಗೊತ್ತಿದ್ದ ಶಬ್ದವನ್ನೇ ಬಳಸಿದೆ. ಪತ್ರದಲ್ಲಿದ್ದ ಒಲೆಯ ಚಿತ್ರದ ಕಡೆ ಬೆರಳು ತೋರಿಸಿ “ತೊಡಾದೆ!” ಎಂದೆ. ಎಲ್ಲರೂ ಗಂಭೀರವಾಗಿ ತಲೆಯಾಡಿಸಿದರು.

ಪಕ್ಕದಲ್ಲಿ ಗಿರಿಜಕ್ಕ ತೆಲುಗಿನವರಿಗೆ ಒಂದು ನಿಮಿಷದಲ್ಲಿ ಹೇಳಿ ಮುಗಿಸಿ ಕೂತು ಅಡಿಕೆ ಕತ್ತರಿಸುತ್ತಿದ್ದರು.

“ಇಷ್ಟೇನಾ ಗಿರಿಜಕ್ಕ? ನನ್ನದು ಎರಡೂವರೆ ಪುಟ ಇದೆ.”

“ಇಷ್ಟೇ ಕಣೇ. ಸೌದೆ ಕಮ್ಮಿ, ಕಣ್ಣೀರು ಕಮ್ಮಿ ಅಂದೆ. ಉಳಿದಿದ್ದೆಲ್ಲಾ ಆಫೀಸಿನೋರಿಗೆ.”

ಸಂಜೆಯ ಹೊತ್ತಿಗೆ ಹತ್ತೂ ಮನೆಯವರು ಹೆಸರು ಬರೆಸಿದ್ದರು. ಬರೆಸಲು ಮೊದಲು ಮುಂದೆ ಬಂದವಳು ಪೊನ್ನಿ. ಸಾಲಿನ ಕೊನೆಯ ಮನೆಯವಳು, ಇಪ್ಪತ್ತು ತುಂಬಿರಲಿಕ್ಕಿಲ್ಲ, ಕಂಕುಳಲ್ಲಿ ಎರಡು ತಿಂಗಳ ಹೆಣ್ಣುಮಗು. ಮೂಗುಬೊಟ್ಟಿನ ಜಾಗದಲ್ಲಿ ಬೇವಿನ ಕಡ್ಡಿ ಸಿಕ್ಕಿಸಿಕೊಂಡಿದ್ದಳು. ಬೊಟ್ಟು ಊರಿನಲ್ಲಿ ಭದ್ರವಾಗಿರಬೇಕು. ಮಗುವಿಗೆ ಕೆಮ್ಮು. ಹುಟ್ಟಿದ್ದು ಆ ಮನೆಯಲ್ಲೇ, ಮಲಗುವುದು ಒಲೆಯಿಂದ ನಾಲ್ಕು ಮೊಳ ದೂರದಲ್ಲಿ. ಮನೆಯಿರುವುದೇ ನಾಲ್ಕು ಮೊಳ. ಮಗುವನ್ನು ಹೊಗೆಯಿಂದ ದೂರ ಇಡು ಎಂದು ಡಾಕ್ಟರು ಹೇಳಿದ್ದರಂತೆ. ಎಲ್ಲಿ ಇಡಲಿ ಎಂದು ಅವಳು ನನ್ನನ್ನು ಕೇಳಿದಳು. ನಾನು ನಾಗರತ್ನಳ ಪುಸ್ತಕದಲ್ಲಿ ಅವಳ ಹೆಸರಿನ ಮೇಲೆ ಬೆರಳಿಟ್ಟು ತೋರಿಸಿದೆ.

ಆದರೆ ಯೋಜನೆಗೆ ಒಂದು ಕ್ರಮವಿತ್ತು. ಮೊದಲು ಮೂರು ಮನೆಗೆ ಮಾದರಿ ಒಲೆ. ಜಿಲ್ಲೆಯ ಸಾಹೇಬರು ಬಂದು ನೋಡಿದಾಗ ಮೂರೂ ಚೆನ್ನಾಗಿ ಉರಿಯುತ್ತಿದ್ದರೆ ಉಳಿದ ಏಳು. ಇಲ್ಲವಾದರೆ ಆ ಏಳೂ ಒಲೆ ದೇವನೂರು ಕಡೆಯ ಯಾವುದೋ ಹಳ್ಳಿಗೆ. ಮಾದರಿ ಒಲೆ ಮೊದಲ ಮೂರು ಮನೆಗೆ ಬಂತು. ಮೊದಲನೆಯದು ಅಂಜಲೈ ಪಾಟಿಯದು. ಪಾಟಿ ಎಂದರೆ ಅಜ್ಜಿ. ಆ ಸಾಲಿಗೆಲ್ಲ ಹಿರಿಯಳು. ಪೊನ್ನಿಯದು ಹತ್ತನೆಯದು. ಆಮೇಲೆ ಮೂರು ವಾರ ನಾನು ಹೋದಾಗಲೆಲ್ಲ ಅವಳು ಮಗುವನ್ನೆತ್ತಿಕೊಂಡು ಬಂದು ನನ್ನ ಪಕ್ಕ ಕೂರುವಳು, “ನನ್ನದು ಯಾವಾಗಮ್ಮಾ?” ಎನ್ನುವಳು. ಸಾಹೇಬರು ಬರಲಿ ಎನ್ನುವಷ್ಟು ತಮಿಳು ಕಲಿತೆ.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಹೊಗೆಯ ಬಗ್ಗೆ ಹೇಳಬೇಕೆನಿಸುತ್ತದೆ. ಕಡೂರಿನಲ್ಲಿ ನಮ್ಮಮ್ಮ ಹಿತ್ತಲಲ್ಲಿ ನಿಂತು ಊರಿನ ಸೂರುಗಳ ಕಡೆ ಒಮ್ಮೆ ನೋಡಿದರೆ ಸಾಕು, ಇಡೀ ಬೀದಿಯ ಸುದ್ದಿ ಹೇಳುತ್ತಿದ್ದಳು. ತೆಳ್ಳಗೆ ನೀಲಿಯಾಗಿದ್ದರೆ ತೆಂಗಿನ ಚಿಪ್ಪು, ದಟ್ಟ ಹಳದಿಯಾದರೆ ಹರಳು ಕಡ್ಡಿ. ಹೊತ್ತಲ್ಲದ ಹೊತ್ತಿನಲ್ಲಿ ಬಂದರೆ ಆ ಮನೆಗೆ ನೆಂಟರು. ಬರಲೇ ಇಲ್ಲವೆಂದರೆ ಒಂದು ಸೇರು ಅಕ್ಕಿ ಸೆರಗಿನಲ್ಲಿ ಮುಚ್ಚಿಕೊಂಡು ಹೋಗಿ ಸುಮ್ಮನೆ ಮಾತಾಡಿಸಿ ಬರುತ್ತಿದ್ದಳು. ನನಗೆ ಆ ವಿದ್ಯೆ ಬರಲಿಲ್ಲ. ಕಾನ್ವೆಂಟಿನಲ್ಲಿ ಪಿಯಾನೋ ಮೇಲೆ ಎರಡು ಕೈ ಇಡಲು ಕಲಿಸಿದರು, ಊದುಕೊಳವೆ ಹಿಡಿಯಲು ಕಲಿಸಲಿಲ್ಲ. ಮದುವೆಯಾದ ಹೊಸದರಲ್ಲಿ ನಾನು ಊದಿದರೆ ಬೆಂಕಿಯ ಬದಲು ಬೂದಿ ಏಳುತ್ತಿತ್ತು. ಅತ್ತೆ, “ಬಿಡಮ್ಮ, ಇಂಗ್ಲಿಷ್‌ನಲ್ಲಿ ಊದ್ತಿದ್ದೀಯ ಅದಕ್ಕೆ ಅರ್ಥ ಆಗ್ತಿಲ್ಲ” ಎಂದು ಕೊಳವೆ ಕಿತ್ತುಕೊಳ್ಳುತ್ತಿದ್ದರು. ಅಂಥವಳು ನಾನು, ಬೆಂಕಿಯ ಬಗ್ಗೆ ಇಟ್ಟಿಗೆ ಸುಡುವವರಿಗೆ ಪಾಠ ಹೇಳಲು ಹೋಗಿದ್ದೆ. ಇದರ ವಿಚಿತ್ರ ನಿಮಗೆ ಈಗಲೇ ಹೊಳೆದಿರಬಹುದು. ನನಗೆ ಮೂರು ವಾರ ಹೊಳೆಯಲಿಲ್ಲ.

ಸರಿ, ಆ ಬೆಳಿಗ್ಗೆಗೆ ವಾಪಸು ಬರುತ್ತೇನೆ. ಯಜಮಾನರಿಗೆ ಕಾಫಿ ಬಿಸಿ ಮಾಡಿ ಕೊಟ್ಟು, ತಿಂಡಿಗೆ ಉಪ್ಪಿಟ್ಟು ಕೆದಕಿ, ಒಂಬತ್ತೂವರೆಗೆ ನಾನು ಗಿರಿಜಕ್ಕ ಗೂಡಿನ ದಾರಿ ಹಿಡಿದೆವು. ಸಾಹೇಬರು ಬರುವ ಮುಂಚೆ ಒಂದು ಸಲ ನೋಡಿಬಿಡೋಣ ಅಂತ. ಅಂಜಲೈ ಪಾಟಿಯ ಮನೆಯೊಳಗೆ ಬಗ್ಗಿ ನೋಡಿದೆ. ಒಲೆ ಮದುಮಗಳಂತಿತ್ತು. ಸಾರಿಸಿ, ಅಂಚಿಗೆ ಅಕ್ಕಿಹಿಟ್ಟಿನ ಗೆರೆ ಎಳೆದು, ಕೊಳವೆಗೆ ಮೂರು ಕಡೆ ಕುಂಕುಮ ಇಟ್ಟಿದ್ದರು. ಒಳಗೆ ಒಂದು ಚಿಟಿಕೆ ಬೂದಿಯಿಲ್ಲ. ಕೈಯಿಟ್ಟೆ. ದೇವರ ವಿಗ್ರಹದ ಹಾಗೆ ತಣ್ಣಗಿತ್ತು.

ಹೊರಗೆ ಬಂದು ನೋಡಿದರೆ ಗೋಡೆಯ ಮರೆಯಲ್ಲಿ ಮೂರು ಇಟ್ಟಿಗೆ, ಅದರ ಮೇಲೆ ಅನ್ನದ ಪಾತ್ರೆ, ಸುತ್ತ ಹೊಗೆ. ಎರಡನೇ ಮನೆಗೆ ಓಡಿದೆ, ಮೂರನೇ ಮನೆಗೆ ಓಡಿದೆ. ಎಲ್ಲ ಕಡೆಯೂ ಒಳಗೆ ಪೂಜೆ, ಹೊರಗೆ ಅಡುಗೆ.

ಅಷ್ಟರಲ್ಲಿ ನಾಗರತ್ನ ಬಂದಳು. ಒಲೆ ನೋಡಿ ಅಲ್ಲೇ ಕುಕ್ಕರಿಸಿದಳು. “ಹೋಯ್ತು ಕಣ್ರೀ. ಉರಿಯದ ಒಲೆ ಕಂಡ್ರೆ ಸಾಹೇಬ್ರು ಇನ್ನೊಂದ್ ಮಾತಾಡಲ್ಲ. ಏಳೂ ಒಲೆ ದೇವನೂರಿಗೆ ಬರೆದ್ಬಿಡ್ತಾರೆ.”

ಕೊನೆಯ ಮನೆಯ ಬಾಗಿಲಲ್ಲಿ ಪೊನ್ನಿ ನಿಂತಿದ್ದಳು. ಕನ್ನಡ ಅರ್ಥವಾಗದಿದ್ದರೂ ನಾಗರತ್ನ ಕೂತ ರೀತಿ ಅರ್ಥವಾಗಿರಬೇಕು. ಮಗು ಕೆಮ್ಮಿತು. ಅವಳು ಅದರ ಬೆನ್ನು ಸವರುತ್ತ ನನ್ನ ಮುಖವನ್ನೇ ನೋಡುತ್ತಿದ್ದಳು.

ಬೇಗ ಬೇಗ ಒಲೆ ಹೊತ್ತಿಸಿದೆವು. ಅನ್ನದ ಪಾತ್ರೆಯನ್ನು ತಂದು ಮೊದಲನೇ ಬಾಯಿಯ ಮೇಲಿಟ್ಟೆವು. ತಕ್ಷಣ ಎರಡನೇ ಬಾಯಿಯಿಂದ ಹೊಗೆ ಬುಸುಬುಸು ಬಂದು ಮನೆಯೆಲ್ಲ ತುಂಬಿತು. ಹೊಗೆಯಿಲ್ಲದ ಒಲೆಯ ಮುಂದೆ ನಾವು ನಾಲ್ಕು ಜನ ಕಣ್ಣೊರೆಸಿಕೊಂಡು ನಿಂತೆವು. ಮೇಲಿನ ಕೊಳವೆಯಿಂದ ಒಂದೆಳೆಯೂ ಹೋಗಲಿಲ್ಲ.

“ಇನ್ನೊಂದು ಪಾತ್ರೆ ಇಡಿ, ಬೇಗ” ಎಂದೆ.

ಪಾಟಿ ನನ್ನನ್ನು ನೋಡಿದಳು. ಆಮೇಲೆ ಮನೆಯ ಸುತ್ತ ಒಮ್ಮೆ ನೋಡಿದಳು, ನೀನೂ ನೋಡು ಎನ್ನುವಂತೆ. ನೋಡಿದೆ. ಗೂಟದ ಮೇಲೆ ಎರಡು ಸೀರೆ. ಗೋಡೆಯಲ್ಲಿ ಮುರುಗನ ಪಟ. ಒಂದು ಬಿಂದಿಗೆ. ನಾಲ್ಕು ಅಲ್ಯುಮಿನಿಯಂ ತಟ್ಟೆ. ಒಂದು ಅಗಲವಾದ ಪ್ಲಾಸ್ಟಿಕ್ ಬಾಂಡ್ಲಿ. ಒಲೆಯ ಮೇಲೆ ಕೂರುವ ಪಾತ್ರೆ ಎಂಬುದು ಇದ್ದದ್ದು ಒಂದೇ, ಈಗ ಅನ್ನ ಬೇಯುತ್ತಿರುವುದು. ಅನ್ನ ಆದರೆ ಬಾಂಡ್ಲಿಗೆ ಸುರಿದು, ಅದೇ ಪಾತ್ರೆಯಲ್ಲಿ ಸಾರು. ಆರು ತಿಂಗಳಿಗಾಗಿ ರೈಲು ಹತ್ತುವವರು ತಲೆಯ ಮೇಲೆ ಎಷ್ಟು ಪಾತ್ರೆ ಹೊತ್ತಾರು? ಹತ್ತು ಮನೆಯಲ್ಲೂ ಒಂದೊಂದೇ.

ಮೂರು ವಾರದಲ್ಲಿ ಎಂಟು ಸಲ, ಅಡುಗೆ ಮುಗಿದ ಮಧ್ಯಾಹ್ನದ ಹೊತ್ತಿನಲ್ಲಿ, ಆ ಮನೆಯೊಳಗೆ ಕೂತಿದ್ದೆ. ಪೊನ್ನಿಯ ಬೇವಿನ ಕಡ್ಡಿ ಕಂಡಿತ್ತು. ಪಾಟಿಯ ಸೀರೆಯ ಅಂಚಿನಲ್ಲಿ ಹಂಸ ಇದೆಯೋ ನವಿಲು ಇದೆಯೋ ಹೇಳಬಲ್ಲೆ. ಹಾಗಿದ್ದೂ, ಎರಡು ಬಾಯಿಗೂ ಪಾತ್ರೆ ಇಡು ಎಂದು ಅಷ್ಟು ಇಂಪಾಗಿ ಓದಿದವಳಿಗೆ ಇದು ಕಂಡಿರಲಿಲ್ಲ. ನಮ್ಮ ಮನೆಯ ಗೂಡಿನಲ್ಲಿ ಹನ್ನೊಂದು ತಪ್ಪಲೆಗಳಿವೆ. ಕೈ ಚಾಚಿದರೆ ಯಾವುದೋ ಒಂದು ಸಿಗುತ್ತದೆ. ಕೈಗೆ ಸಿಗುವುದನ್ನು ಕಣ್ಣು ನೋಡುವುದಿಲ್ಲ.

ಗಿರಿಜಕ್ಕ ಆಗಲೇ ಹೊರಟಿದ್ದರು. “ನಿಂತ್ಕೊಂಡು ಏನ್ ನೋಡ್ತೀಯೇ, ನಮ್ಮನೇಲಿ ಬೇಕಾದಷ್ಟವೆ, ತತ್ತೀನಿ ಇರು” ಎಂದು ಆ ವಯಸ್ಸಿನಲ್ಲಿ ಅಕ್ಷರಶಃ ಓಡಿದರು. ಇಪ್ಪತ್ತು ನಿಮಿಷದಲ್ಲಿ ಅವರು ಮಂಡಿಯ ಎತ್ತಿನ ಗಾಡಿಯಲ್ಲೇ ಬಂದಿಳಿದರು, ಹಬ್ಬದ ಪಾತ್ರೆಗಳ ಸಮೇತ. ನಮ್ಮ ಮನೆಗೂ ನುಗ್ಗಿ, ಮೊದಲು ಕಣ್ಣಿಗೆ ಬಿದ್ದ ನನ್ನ ಇಡ್ಲಿ ಪಾತ್ರೆ ಎತ್ತಿಕೊಂಡು ಬಂದಿದ್ದರು. ಒಂದೂ ಕೂರಲಿಲ್ಲ. ಗಿರಿಜಕ್ಕನ ಮನೆಯವು ಮೂವತ್ತು ಜನಕ್ಕೆ ಬೇಯಿಸುವಂಥವು, ಒಲೆಯನ್ನೇ ಮುಚ್ಚುತ್ತಿದ್ದವು. ನನ್ನ ಇಡ್ಲಿ ಪಾತ್ರೆ ಬಾಯಿಯಲ್ಲಿ ಓರೆಯಾಗಿ ಸಿಕ್ಕಿಕೊಂಡು ಒಂದು ಪಕ್ಕದಿಂದ ಹೊಗೆ ಬಿಡುತ್ತಿತ್ತು, ಬೀಡಿ ಸೇದುವ ಗೌಡರ ಹಾಗೆ.

ಗಂಟೆ ಹತ್ತೂವರೆ ದಾಟಿತ್ತು, ನಮ್ಮ ಮನೆಯ ತಪ್ಪಲೆ ತರಲು ಮತ್ತೆ ಹೋಗಿಬರುವಷ್ಟು ಹೊತ್ತಿರಲಿಲ್ಲ. ನನ್ನ ಎರಡೂವರೆ ಪುಟ ಕೈಯಲ್ಲಿ ಬೆವತು ಮೆತ್ತಗಾಗಿತ್ತು. ಅದರಲ್ಲಿ ಇದಕ್ಕೇನೂ ಬರೆದಿರಲಿಲ್ಲ. ಅದನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿ, ಪೊನ್ನಿ ನನ್ನನ್ನು ಕೇಳುತ್ತಿದ್ದ ಧಾಟಿಯಲ್ಲೇ ಪಾಟಿಯನ್ನು ಕೇಳಿದೆ:

“ಏನು ಮಾಡೋದು ಪಾಟಿ?”

ಪಾಟಿ ಒಲೆಯ ಕಡೆ ಕೈ ತೋರಿಸಿ, ಅರ್ಧ ತಮಿಳು ಅರ್ಧ ಕನ್ನಡದಲ್ಲಿ, “ಮುಟ್ಟಬಹುದಾ ಅಮ್ಮಾ?” ಎಂದಳು.

“ಅಯ್ಯೋ, ಮುಟ್ಟಿ ಪಾಟಿ. ನಿಮ್ಮದೇ ಒಲೆ.”

“ನಮ್ಮದಾ?” ಎಂದಳು ಪಾಟಿ. ಬಾಗಿಲಲ್ಲಿ ನಿಂತಿದ್ದ ಪಕ್ಕದ ಮನೆಯವಳ ಮುಖ ನೋಡಿದಳು. “ನೀನೇ ಬೇಡ ಅಂದಿದ್ದಲ್ಲಾ. ಸರ್ಕಾರದ್ದು, ತೊಡಾದೆ ಅಂದೆ.”

ಮುಂದೆ ನಡೆದದ್ದು ಒಂದು ಎಲೆ ಅಡಿಕೆ ಮಡಿಸಿ ಹಾಕಿಕೊಳ್ಳುವಷ್ಟು ಹೊತ್ತಿನಲ್ಲಿ ನಡೆಯಿತು. ಪಾಟಿ ಅಂಗಳಕ್ಕೆ ಹೋಗಿ, ಒಣಗಲು ಜೋಡಿಸಿದ್ದ ಹಸಿ ಇಟ್ಟಿಗೆಗಳಲ್ಲಿ ಅರ್ಧ ಒಣಗಿದ್ದೊಂದನ್ನು ಬೆರಳಲ್ಲಿ ತಟ್ಟಿ ಆರಿಸಿದಳು. ಅದನ್ನು ತಂತಿಯಲ್ಲಿ ಅಡ್ಡಡ್ಡ ಎರಡು ತೆಳು ಹಲಗೆಯಾಗಿ ಸೀಳಿದಳು. ಎರಡನ್ನೂ ಜೋಡಿಸಿ, ನಡುವಿನ ಸಂದಿಗೆ ಮಣ್ಣು ಬಳಿದು, ತಗಡಿನ ಚೂರಿನಲ್ಲಿ ಸುತ್ತ ಕೆರೆದು ದುಂಡಗೆ ಮಾಡಿದಳು. ಮೇಲೆ ಹಿಡಿಯಲು ಒಂದು ಉಂಡೆ ಮಣ್ಣು ಒತ್ತಿದಳು. ಒಳಗೆ ಬಂದು ಅದನ್ನು ಎರಡನೇ ಬಾಯಿಯ ಮೇಲಿಟ್ಟು, ಅಂಚಿಗೆ ಒದ್ದೆ ಮಣ್ಣು ಮೆತ್ತಿದಳು. ಆಮೇಲೆ ಬಗ್ಗಿ ಸೌದೆಯ ಬಾಯಿಯೊಳಗೆ ಇಣುಕಿ, “ಒಲೆ ಕಟ್ಟಿದ ಮೇಸ್ತ್ರಿ ಬೆಂಕಿ ಹಾಯುವ ಗಂಟಲು ಅಗಲ ಮಾಡಿದ್ದಾನೆ” ಎಂದು ಅರ್ಧ ಇಟ್ಟಿಗೆಯೊಂದನ್ನು ಒಳಗೆ ತಳ್ಳಿದಳು.

ಒಲೆ ಒಮ್ಮೆ ಉಸಿರೆಳೆದುಕೊಂಡಿತು. ನಿಜವಾಗಿಯೂ ಕೇಳಿಸಿತು. ಬೆಂಕಿ ಒಳಕ್ಕೆ ವಾಲಿ, ಪಾತ್ರೆಯ ತಳ ಹಿಡಿಯಿತು. ಹೊರಗಿನಿಂದ ಪೊನ್ನಿ ಕಿರುಚಿದಳು. ಕೊಳವೆಯ ತುದಿಯಿಂದ ತೆಳ್ಳಗೆ ನೀಲಿಯಾಗಿ ಹೊಗೆ ಏಳುತ್ತಿತ್ತು.

ನನಗೆ ಆಗ ಗೊತ್ತಾಯಿತು. ಗೂಡಿಗೆ ಬೆಂಕಿ ಕೊಟ್ಟ ಮೇಲೆ ಯಾವ ಬಾಯಿ ಯಾವಾಗ ಮುಚ್ಚಬೇಕು, ಯಾವುದನ್ನು ಎಷ್ಟು ಬಿಡಬೇಕು ಎಂದು ಹೇಳುವವಳು ಅಂಜಲೈ ಪಾಟಿ. ಅವಳು ಹೇಳದೆ ಆ ಗೂಡಿನಲ್ಲಿ ಒಂದು ಕಿಂಡಿ ಮುಚ್ಚುವುದಿಲ್ಲವಂತೆ. ನಮ್ಮ ಹಳೆಯ ಒಲೆಗಳಲ್ಲೂ ಪಕ್ಕದಲ್ಲೊಂದು ಕೋಡೊಲೆ, ಅಂದರೆ ಎರಡನೇ ಬಾಯಿ, ಇರುತ್ತಿತ್ತು. ಅವರ ಕಡೆಯೂ ಇದೆ, ಅವರೂ ಹೆಚ್ಚುಕಡಿಮೆ ಅದೇ ಹೆಸರಿನಲ್ಲಿ ಕರೆಯುತ್ತಾರೆ. ಮೊದಲ ದಿನವೇ ಅವಳಿಗೆ ಈ ಒಲೆಯ ರೋಗ ಗೊತ್ತಾಗಿತ್ತು. ರೋಗ ಗೊತ್ತಿದ್ದವಳು, ಮುಟ್ಟಬೇಡ ಎಂದದ್ದಕ್ಕೆ, ಮೂರು ವಾರ ಕುಂಕುಮ ಇಟ್ಟುಕೊಂಡು ಕೂತಿದ್ದಳು.

ಉಳಿದೆರಡು ಒಲೆಗೂ ಮುಚ್ಚಳ ಬಿದ್ದು ಹತ್ತು ನಿಮಿಷವಾಗಿರಲಿಲ್ಲ, ಜೀಪು ಬಂತು.

ಸಾಹೇಬರು ಇಳಿಯುವಾಗಲೇ ಕೈಯಲ್ಲಿ ಕರವಸ್ತ್ರವಿತ್ತು, ನಾಲ್ಕು ಮಡಿಕೆ ಮಾಡಿ, ಮೂಗಿನ ಹತ್ತಿರ. ಆ ತಿಂಗಳು ಎಷ್ಟು ಹೊಗೆಯಿಲ್ಲದ ಒಲೆಗಳನ್ನು ನೋಡಿದ್ದರೋ ಪಾಪ, ಕಣ್ಣು ಕೆಂಪಗಿತ್ತು. ಮೊದಲನೇ ಮನೆಯೊಳಗೆ ಬಗ್ಗಿ ಹೋದರು. ನಾನು ಅವರ ಕರವಸ್ತ್ರವನ್ನೇ ನೋಡುತ್ತಿದ್ದೆ. ಅದು ಮೂಗಿನ ಬಳಿ ಸ್ವಲ್ಪ ಹೊತ್ತು ಇತ್ತು. ಎದೆಯವರೆಗೆ ಇಳಿಯಿತು. ಆಮೇಲೆ ಜೇಬಿನೊಳಗೆ ಹೋಯಿತು. ನಾನು ಗಿರಿಜಕ್ಕನ ಕೈ ಅದುಮಿದೆ.

“ಇದೇನಿದು?” ಎಂದರು ಸಾಹೇಬರು, ಮುಚ್ಚಳ ನೋಡಿ. “ಎರಡನೇ ಪಾತ್ರೆ ಎಲ್ಲಿ? ನಕ್ಷೆಯಲ್ಲಿ ಮುಚ್ಚಳ ಇಲ್ಲವಲ್ಲ.”

ನಾಗರತ್ನ ನೆಲ ನೋಡಿದಳು. ಗೋಡೆಯ ಆಚೆ ಪೊನ್ನಿಯ ಮಗು ಕೆಮ್ಮುವುದು ಕೇಳಿಸಿತು. ನಾನು ಬಾಯಿ ತೆರೆದೆ. ನಕ್ಷೆ, ತಿಳಿವಳಿಕೆ ಪತ್ರ, ಎಲ್ಲ ನಾಲಿಗೆಯ ತುದಿಯಲ್ಲಿತ್ತು. ಆದರೆ ಪಾಟಿಯ ಕಡೆ ತಿರುಗಿ, ಅವರು ಕೇಳಿದ್ದನ್ನಷ್ಟೇ ತಮಿಳಿನಲ್ಲಿ ಕೇಳಿದೆ. ಪಾಟಿ ಹೇಳಿದಳು. ಮೂರು ವಾರ ತಮಿಳಿಗೆ ಸಾಗಿಸುತ್ತಲೇ ಇದ್ದವಳು, ಮೊದಲ ಸಲ ತಮಿಳಿನಿಂದ ಕನ್ನಡಕ್ಕೆ ತಂದೆ.

“ಇಲ್ಲಿ ಹತ್ತು ಮನೆಯಲ್ಲೂ ಒಂದೇ ಪಾತ್ರೆಯಂತೆ ಸಾರ್. ಬಾಯಿ ತೆರೆದಿದ್ದರೆ ಹೊಗೆ ಅಲ್ಲೇ ಹೊರಗೆ ಬರುತ್ತದೆ, ಕೊಳವೆ ಎಳೆಯುವುದಿಲ್ಲ. ಗೂಡಿಗಾದರೂ ಅಷ್ಟೇ ಅಂತಾರೆ. ಎರಡನೇ ಪಾತ್ರೆ ಬಂದ ದಿನ ಮುಚ್ಚಳ ತೆಗೆದಿಡುತ್ತಾರಂತೆ.” ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಪಾಟಿ ಇನ್ನೊಂದು ಮಾತು ಹೇಳಿದ್ದಳು, ದುಭಾಷಿ ಅಂದ ಮೇಲೆ ಬಿಡುವ ಹಾಗಿಲ್ಲ. “ಆಮೇಲೆ, ನಕ್ಷೆ ಬರೆದವರು ಅಡುಗೆ ಮಾಡ್ತಾರಾ ಅಂತ ಕೇಳ್ತಿದ್ದಾರೆ ಸಾರ್.”

ಸಾಹೇಬರು ಪಾಟಿಯನ್ನು ನೋಡಿದರು. ಗಂಭೀರವಾಗಿರಲು ಪ್ರಯತ್ನಿಸಿದರು, ಮೀಸೆ ಸಹಕರಿಸಲಿಲ್ಲ. “ನಕ್ಷೆ ಬರೆದದ್ದು ನಾನಲ್ಲ ಅಂತ ಹೇಳಿ” ಎಂದು ನಕ್ಕು, ಪೆನ್ನು ತೆಗೆದು, ಮೂರೂ ಒಲೆ ಉರಿಯುತ್ತಿವೆ ಎಂದು ಬರೆದರು. ಬರೆದ ಮೇಲೆ ಮುಚ್ಚಳವನ್ನು ಉಂಡೆ ಹಿಡಿದು ಎತ್ತಿ ನೋಡಿದರು, ಬೆರಳು ಸುಟ್ಟುಕೊಂಡು ವಾಪಸು ಇಟ್ಟರು. ಅಷ್ಟರಲ್ಲಿ ಆ ಒಲೆಯ ಮೇಲೆಯೇ ಕಾದ ಬೆಲ್ಲದ ಕಾಫಿ ಅಲ್ಯುಮಿನಿಯಂ ಲೋಟದಲ್ಲಿ ಬಂತು. ಆ ಒಂದೇ ಪಾತ್ರೆಯಿಂದ ಅನ್ನ ಬಾಂಡ್ಲಿಗೆ ಹೋಗಿ, ಪಾತ್ರೆ ತೊಳೆದು, ಕಾಫಿಯಾಗಿತ್ತು.

ಸೋಮವಾರದಿಂದ ಮೇಸ್ತ್ರಿ ಬರುತ್ತಾನೆ ಎಂದು ನಾಗರತ್ನ ಪಟ್ಟಿ ತೆಗೆದಳು. ನಾಲ್ಕನೇ ಮನೆ, ಐದನೇ ಮನೆ ಎಂದು ಓದತೊಡಗಿದಳು. ಪಾಟಿ ಮಧ್ಯೆ ಏನೋ ಹೇಳಿದಳು. ಗಂಡಸರು ಹೆಂಗಸರು ಎಲ್ಲ ತಲೆಯಾಡಿಸಿದರು. ಕೊನೆಯ ಮನೆಯಿಂದ ಶುರು ಮಾಡಬೇಕಂತೆ. ಮೇಸ್ತ್ರಿ ಗಂಟಲು ಕಟ್ಟುವಾಗ ತಾನು ಪಕ್ಕದಲ್ಲಿ ಕೂರುತ್ತೇನೆ, ಅದಕ್ಕೂ ಪಟ್ಟಿಯಲ್ಲಿ ಬರೆದುಕೋ ಎಂದಳು. ಪೊನ್ನಿ ಮಗುವನ್ನು ನನ್ನ ಕೈಗೆ ಕೊಟ್ಟು ಒಳಗೆ ಓಡಿದಳು. ಒಲೆ ಬರುವ ಮೂಲೆಯನ್ನು ಆಗಲೇ ಗುಡಿಸತೊಡಗಿದಳು, ಸೋಮವಾರಕ್ಕೆ ಇನ್ನೂ ನಾಲ್ಕು ದಿನವಿತ್ತು.

ಸಂಜೆ ಹಿತ್ತಲಲ್ಲಿ ಪಾತ್ರೆ ತೊಳೆಯಲು ಕೂತೆ. ಎಲ್ಲವನ್ನೂ ಅಡುಗೆಮನೆಯ ಗೋಡೆಗೂಡಿನಿಂದ ಇಳಿಸಿದ್ದೆ. ಹನ್ನೊಂದು ತಪ್ಪಲೆ. ಒಲೆಯ ಬಾಯಿಗೆ ಸರಿಯಾಗಿ ಕೂರುವಂಥ ನಾಲ್ಕನ್ನು ಬೇರೆ ಇಟ್ಟೆ. ನಾಲ್ಕು ಸಾಲದು, ಬೀದಿಯಲ್ಲಿ ಇನ್ನಾರು ಮನೆ ಕೇಳಬೇಕು, ಯಾರ ಮನೆಯಲ್ಲಿ ಯಾವ ಅಳತೆಯದಿದೆ ಎಂದು ಲೆಕ್ಕ ಹಾಕುತ್ತಿದ್ದೆ. ಮನಸ್ಸು ಹಗುರವಾಗಿತ್ತು. ಏನೇ ಆಗಲಿ, ತಿಳಿಯದ ಊರಿನಲ್ಲಿ ಆ ಜನಕ್ಕೆ ಅವರ ಮಾತಿನಲ್ಲೇ ನಾಲ್ಕು ಮೆದು ಮಾತಾಡುವವಳು ಒಬ್ಬಳಾದರೂ ಇದ್ದಳಲ್ಲ ಎಂದು ನನ್ನ ಬೆನ್ನನ್ನು ನಾನೇ ಸ್ವಲ್ಪ ತಟ್ಟಿಕೊಳ್ಳುತ್ತಿದ್ದೆನೆಂದು ಕಾಣುತ್ತದೆ.

ಗಿರಿಜಕ್ಕ ಗೋಡೆಯಾಚೆ ಒಣಗಿದ ಬಟ್ಟೆ ಎತ್ತುತ್ತಿದ್ದರು. ಬಟ್ಟೆಗೂ ಅವರು ಕೋಳಿ ಓಡಿಸುವವರ ಹಾಗೆ ಗದರುತ್ತಾರೆ. ಸೀರೆ ಮಡಿಸುತ್ತ, ನನ್ನ ಕಡೆ ನೋಡದೆಯೇ ಹೇಳಿದರು:

“ಅಲ್ಲ ಕಣೇ ಪದ್ಮಾ, ಗೂಡಿನ ತೆಲುಗು ಹೆಂಗಸೊಬ್ಳು ಕೇಳ್ತಿದ್ಲು. ತಮಿಳ್ನೋರೆಲ್ಲ ನಿನ್ನ ‘ಬೈಯೋ ಅಮ್ಮ’ ಅಂತಾರಂತೆ. ದಿನಾ ಬಂದು ಕೂರು, ಏಳು, ಮುಟ್ಬೇಡ ಅಂತ ಬೈದೇ ಹೋಗ್ತಿದ್ದೆಯಂತಲ್ಲಾ. ಇವತ್ತೊಂದಿನ ಬೈಲಿಲ್ವಂತೆ. ಪಾಪ ಅಮ್ಮಂ‌ಗೆ ಮೈಗೆ ಹುಷಾರಿಲ್ವಾ ಅಂತ ಕೇಳಿದ್ರು ಕಣೇ.”